ಆ ಬೂದು ಹಣ್ಣುಗಳು ಮುದ್ರಣದ ದೋಷವಲ್ಲ

ಇಟಲಿಯ ನಿರ್ದೇಶಕ ಆಂಟೋನಿಯೋನಿಯವರ 'ರೆಡ್ ಡೆಸರ್ಟ್' (1964) ಚಿತ್ರದಲ್ಲಿ ಬೀದಿಯ ಗಾಡಿಯಲ್ಲಿರುವ ಹಣ್ಣುಗಳೆಲ್ಲ ಬೂದು ಬಣ್ಣದಲ್ಲಿರುವುದು ನಿಮಗೆ ಸಿಕ್ಕ ಪ್ರತಿಯ ದೋಷವೇ ಎಂದು ಕೇಳಿದ್ದೀರಿ. ದೋಷವಲ್ಲ, ಅವುಗಳಿಗೆ ಬೇಕೆಂದೇ ಬಣ್ಣ ಬಳಿಯಲಾಗಿತ್ತು. ಇದು ನಿರ್ದೇಶಕರ ಮೊದಲ ಬಣ್ಣದ ಚಲನಚಿತ್ರವಾಗಿದ್ದರೂ ಇಟಲಿಯ ರವೆನ್ನಾದ ಕಾರ್ಖಾನೆ ಪ್ರದೇಶವನ್ನು ಇದ್ದಂತೆಯೇ ಸೆರೆಹಿಡಿಯುವುದಕ್ಕೆ ಅವರು ತೃಪ್ತರಾಗದೆ, ಮಾನಸಿಕವಾಗಿ ಜರ್ಝರಿತಳಾದ ನಾಯಕಿ ಜೂಲಿಯಾನಾಳ ಕಣ್ಣಿಗೆ ಲೋಕವು ಹೇಗೆ ಕಾಣುತ್ತದೆಯೋ ಹಾಗೆ ಹುಲ್ಲನ್ನೂ ಗೋಡೆಗಳನ್ನೂ ಬದಲಿಸಿದರು. ಹೋಟೆಲಿನ ಕೋಣೆ ಪ್ರಣಯದೃಶ್ಯದ ನಂತರ ಗುಲಾಬಿಯಾಗುವುದನ್ನೂ ಹೀಗೆಯೇ ಓದಬೇಕು.

ಆದರೆ ಇಂಥ ಬಣ್ಣಕ್ಕೆ ಇಂಥದೇ ಅರ್ಥ ಎಂದು ಕೋಷ್ಟಕ ಹಾಕಿಕೊಂಡು ಈ ಚಿತ್ರವನ್ನು ನೋಡಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಕೊನೆಯಲ್ಲಿ ಮಗ ಹೊಗೆ ಏಕೆ ಹಳದಿ ಎಂದು ಕೇಳಿದಾಗ ಜೂಲಿಯಾನಾ ಅದರಲ್ಲಿ ವಿಷವಿದೆ ಎನ್ನುತ್ತಾಳೆ. ಅಲ್ಲಿ ಹಳದಿಯು ಸಂಕೇತವಾಗುವ ಮೊದಲು ನಿಜವಾದ ವಿಷವೇ ಆಗಿದೆ. ಇನ್ನೊಂದೆಡೆ, ಅವಳು ಮಗನಿಗೆ ಹೇಳುವ ಕಥೆಯಲ್ಲಿ ಬರುವ ಗುಲಾಬಿ ಮರಳಿನ ಕಡಲತೀರವು ಸಾರ್ಡೀನಿಯಾದ ಬುಡೆಲ್ಲಿ ದ್ವೀಪದ ನಿಜವಾದ ತೀರ, ಅದರ ಬಣ್ಣವೂ ಸಹಜವಾದದ್ದು. ನನ್ನ ಮಟ್ಟಿಗೆ ಚಿತ್ರದ ನಿಜವಾದ ಶಕ್ತಿ ಇರುವುದು ಇಲ್ಲಿಯೇ: ವಾಸ್ತವವೆನಿಸಬೇಕಾದ ಬೀದಿ ಬಣ್ಣ ಕಳೆದುಕೊಂಡಿದೆ, ಕಲ್ಪನೆಯ ಕಥೆ ಮಾತ್ರ ಪ್ರಕೃತಿಯ ಬಣ್ಣವನ್ನು ಉಳಿಸಿಕೊಂಡಿದೆ. ಮತ್ತೊಮ್ಮೆ ನೋಡುವಾಗ ಗಾಡಿಯ ದೃಶ್ಯದ ಬೆನ್ನಿಗೇ ಈ ಕಡಲತೀರದ ಭಾಗವನ್ನು ನೋಡಿ.