ಪ್ವಾಲ್ ಅಂದರೆ ಬಾಣಲೆ ಮಾತ್ರ ಅಲ್ಲ

ಫ್ರೆಂಚ್ ತತ್ವಜ್ಞಾನಿ ದೆಕಾರ್ತ್‌ನ ಪುಸ್ತಕದಲ್ಲಿ ‘ಪ್ವಾಲ್’ (poêle) ಅನ್ನುವ ಫ್ರೆಂಚ್ ಪದ ಸಿಕ್ಕಿತು, ಡಿಕ್ಷನರಿಯ ಅರ್ಥ ಅಲ್ಲಿ ಹೊಂದುತ್ತಿಲ್ಲ ಅಂತ ಕೇಳಿದ್ದೀರಿ. ನಿಮ್ಮ ಡಿಕ್ಷನರಿ ಕೊಟ್ಟಿದ್ದು ಸ್ತ್ರೀಲಿಂಗದ ‘ಲಾ ಪ್ವಾಲ್’ ಅರ್ಥ ಇರಬೇಕು. ಅದು ಬಾಣಲೆ. ಆದರೆ 1637ರಲ್ಲಿ ದೆಕಾರ್ತ್ ಬರೆದದ್ದು ಪುಲ್ಲಿಂಗದ ‘ಅಂ ಪ್ವಾಲ್’. ಲಿಂಗ ತಪ್ಪಿದ್ದಕ್ಕೇ ಆತ ದಿನವಿಡೀ ಬಾಣಲೆಯೊಳಗೆ ಒಬ್ಬನೇ ಕೂತಿದ್ದ ಅಂತ ನಿಮಗೆ ಅರ್ಥ ಬರುತ್ತಿದೆ. ಅಲ್ಲಿ ಅದು ಒಲೆಯಿಂದ ಬೆಚ್ಚಗಿಟ್ಟ ಕೋಣೆ. ಆಗ ಆತ ಜರ್ಮನಿಯಲ್ಲಿದ್ದ, ಚಳಿಗಾಲ ಶುರುವಾಗಿತ್ತು.

ಇನ್ನು ಮುಂದೆ ಈ ಪದ ಸಿಕ್ಕರೆ ಮೊದಲು ಹಿಂದಿನ ಪದ ನೋಡಿ. ‘ಲಾ’, ‘ಯೂನ್’ ಇದ್ದರೆ ಬಾಣಲೆ. ‘ಲ’, ‘ಅಂ’ ಇದ್ದರೆ ಮನೆ ಬೆಚ್ಚಗಿಡುವ ಒಲೆ. ಬಹುವಚನದಲ್ಲಿ ‘ಲೇ’ ಬಂದಾಗ ಲಿಂಗ ಗೊತ್ತಾಗುವುದಿಲ್ಲ, ಅಲ್ಲಿ ಮುಂದಿನ ಪದವೇ ಗತಿ. ‘ಆ ಬ್ವಾ’ ಅಂದರೆ ಸೌದೆಯದು, ಹಾಗಾಗಿ ಒಲೆ. ‘ಆ ಫ್ರೀರ್’ ಅಂದರೆ ಹುರಿಯುವುದು, ಹಾಗಾಗಿ ಬಾಣಲೆ. ಅದೂ ಇಲ್ಲದಿದ್ದರೆ ಇಡೀ ವಾಕ್ಯ ಓದಿ ಊಹಿಸಬೇಕು, ಖಚಿತವಾಗಿ ಹೇಳುವುದು ಕಷ್ಟ.

ಹಳೆಯ ಪುಸ್ತಕ ಓದುತ್ತಿದ್ದೀರಿ, ಆದ್ದರಿಂದ ಇನ್ನೊಂದು ಅರ್ಥವೂ ಎದುರಾಗಬಹುದು. ಶವಪೆಟ್ಟಿಗೆಯ ಮೇಲೆ ಹೊದಿಸುವ ಬಟ್ಟೆಗೂ ‘ಲ ಪ್ವಾಲ್’ ಅಂತಲೇ ಹೆಸರು. ಪಕ್ಕದಲ್ಲಿ ‘ಕೊರ್ದೋಂ’, ಅಂದರೆ ದಾರಗಳು, ಅನ್ನುವ ಪದ ಇದ್ದರೆ ಅದು ಅಂತ್ಯಕ್ರಿಯೆಯ ಮಾತು. ಈ ಮೂರೂ ಲ್ಯಾಟಿನ್‌ನಲ್ಲಿ ಬೇರೆ ಬೇರೆ ಪದಗಳು. ಬಾಣಲೆ ‘ಪಟೆಲ್ಲಾ’ದಿಂದ ಬಂತು, ಬಟ್ಟೆ ‘ಪಲ್ಲಿಯುಮ್’ನಿಂದ, ಒಲೆ ‘ಪೆನ್ಸಿಲಿಸ್’ನಿಂದ. ನನಗೆ ತುಂಬಾ ಇಷ್ಟವಾದದ್ದು ಈ ಕೊನೆಯದು. ಅದರರ್ಥ ‘ತೂಗುವ’. ಕೆಳಗಿನಿಂದ ಬಿಸಿ ಮಾಡುತ್ತಿದ್ದ ರೋಮನ್ನರ ಎತ್ತರಿಸಿದ ಸ್ನಾನದ ಕೋಣೆಗಳಿಗೆ ಹೀಗೆ ಕರೆಯುತ್ತಿದ್ದರು. ನಿಮ್ಮ ಸಾಲಿನ ಬೆಚ್ಚನೆ ಕೋಣೆಗೆ ಇದೇ ಮೂಲ.

ಆ ವಾಕ್ಯಕ್ಕೆ ‘ಬೆಚ್ಚನೆಯ ಕೋಣೆ’ ಅಂತ ಹಾಕಿ ಮುಂದೆ ಓದಿ.