78 ಅಂದರೆ ಎಷ್ಟು?

(ಹೆಸರು, ಊರು ಮತ್ತು ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಇದನ್ನು ಬರೆಯಲು ತಾಯಿ ಒಪ್ಪಿದ್ದಾರೆ.)

ನಾನು ಆಪ್ತಸಲಹೆ ಕೊಡುವವಳು. ಒಂದು ದಿನ ಒಬ್ಬ ತಾಯಿ ಬಂದು ಕೂತವರೇ ಪ್ಲಾಸ್ಟಿಕ್ ಕವರಿನಿಂದ ಎರಡು ಹಾಳೆ ತೆಗೆದು ನನ್ನ ಮುಂದಿಟ್ಟರು. "ಓದ್ರಿ ಮೇಡಂ. ನನ್ನ ಮಗ ದಡ್ಡ ಅದಾನೇನ್ರಿ?"

ಮಗ ಮಲ್ಲು ಪಕ್ಕದಲ್ಲೇ ಇದ್ದ. ಎಂಟು ವರ್ಷ. ಆ ಮಾತು ಕೇಳಿ ತಲೆ ಎತ್ತಲೂ ಇಲ್ಲ. ಅದನ್ನು ಅವನು ಎಷ್ಟೋ ಸಲ ಕೇಳಿರಬೇಕು. ಬಣ್ಣದ ಪೆನ್ಸಿಲ್ ಕೊಟ್ಟು ಅವನನ್ನು ಹೊರಗಿನ ಕೋಣೆಗೆ ಕಳಿಸಿದೆ. ಮಕ್ಕಳ ಎದುರು ಈ ಮಾತು ಬೇಡ ಅಂತ ತಾಯಿಗೆ ಮೊದಲು ಹೇಳಿದೆ. ಉಳಿದದ್ದೆಲ್ಲ ಆಮೇಲೆ.

ಅವರದು ಗದಗದ ಕಡೆಯ ಹಳ್ಳಿ. ತಂದೆ ಗಾರೆ ಕೆಲಸ ಮಾಡುತ್ತಾರೆ. ಎರಡು ವರ್ಷದ ಹಿಂದೆ ಬೆಂಗಳೂರಿಗೆ ಬಂದರು. ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲಿ ಒಂದನೇ ತರಗತಿ ಮುಗಿಸಿದ್ದ ಹುಡುಗ ಇಲ್ಲಿ ನೇರವಾಗಿ ಇಂಗ್ಲಿಷ್ ಮೀಡಿಯಂನ ಎರಡನೇ ತರಗತಿಗೆ ಸೇರಿದ. ಈಗ ಮೂರನೆಯದು. ಓದು ಹತ್ತುತ್ತಿಲ್ಲ ಅಂತ ಶಾಲೆಯವರು ಐಕ್ಯೂ, ಅಂದರೆ ಬುದ್ಧಿ ಅಳೆಯುವ ಪರೀಕ್ಷೆ ಮಾಡಿಸಿದರು. ಬಂದ ಅಂಕ 78. ಮುಂದಿನ ವರ್ಷ ವಿಶೇಷ ಶಾಲೆಗೆ ಸೇರಿಸಿ, ಇಲ್ಲಿ ಇಟ್ಟುಕೊಳ್ಳುವುದಿಲ್ಲ ಅಂದರು.

ನಾನು ವರದಿಯನ್ನು ಎರಡು ಸಲ ಓದಿದೆ. ಪರೀಕ್ಷೆಯ ಹೆಸರು, ದಿನಾಂಕ, ಒಟ್ಟು ಅಂಕ, ಒಂದು ಸಾಲಿನ ತೀರ್ಮಾನ ಇತ್ತು. ಯಾವ ಭಾಷೆಯಲ್ಲಿ ಕೇಳಿದರು ಅಂತ ಇರಲಿಲ್ಲ. ಅಂಕ ಎಷ್ಟು ಹೆಚ್ಚುಕಡಿಮೆ ಆಗಬಹುದು ಅಂತಲೂ ಇರಲಿಲ್ಲ. ಇವೆರಡೂ ಇಲ್ಲದ ವರದಿಯ ಮೇಲೆ ಒಂದು ಮಗುವಿನ ಶಾಲೆ ಬದಲಿಸುವುದು ತಪ್ಪು. ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ತಾಯಿಯ ಒಪ್ಪಿಗೆ ಪಡೆದು ಪರೀಕ್ಷೆ ಮಾಡಿದವರಿಗೆ ಫೋನ್ ಮಾಡಿದೆ. ಅವರು ಕೇಳಿದ್ದಕ್ಕೆಲ್ಲ ಒಳ್ಳೆಯ ಮನಸ್ಸಿನಿಂದ ಉತ್ತರ ಕೊಟ್ಟರು. ಪರೀಕ್ಷೆ ನಡೆದದ್ದು ಇಂಗ್ಲಿಷ್‌ನಲ್ಲಿ. ಭಾಗವಾರು ಅಂಕಗಳನ್ನೂ ಓದಿ ಹೇಳಿದರು. ಆ ಪರೀಕ್ಷೆಯಲ್ಲಿ ಪ್ರತಿ ಭಾಗಕ್ಕೂ ಸರಾಸರಿ 10. ಪದಗಳ ಅರ್ಥ ಹೇಳುವ ಭಾಗದಲ್ಲಿ ಮಲ್ಲುವಿಗೆ 4. ಬಣ್ಣದ ಚೌಕಗಳನ್ನು ಜೋಡಿಸಿ ಚಿತ್ರ ಮಾಡುವ ಭಾಗದಲ್ಲಿ 10. (ಪ್ರಶ್ನೆಗಳನ್ನು ಇಲ್ಲಿ ಬರೆಯುವಂತಿಲ್ಲ. ಹೊರಗೆ ಗೊತ್ತಾದರೆ ಮುಂದೆ ಬರುವ ಮಕ್ಕಳಿಗೆ ಆ ಪರೀಕ್ಷೆಯೇ ಕೆಡುತ್ತದೆ.) ಕೈ ಒಂದು ಹೇಳುತ್ತಿದೆ, ಇಂಗ್ಲಿಷ್ ಮಾತು ಇನ್ನೊಂದು ಹೇಳುತ್ತಿದೆ. ಎರಡನ್ನೂ ಕಲಸಿ ಬಂದ 78 ಯಾವುದನ್ನೂ ಸರಿಯಾಗಿ ಹೇಳುವುದಿಲ್ಲ.

ಮುಂದಿನ ಭೇಟಿಗೆ ತಂದೆಯೂ ಬಂದರು. ಅವರಿಗೆ ಸೇರಿನ ಲೆಕ್ಕದಲ್ಲಿ ವಿವರಿಸಿದೆ. ಒಂದೇ ಜೋಳದ ರಾಶಿಯನ್ನು ಒಂದೇ ಸೇರಿನಿಂದ ಮೂರು ಸಲ ಅಳೆದರೆ ಮೂರು ಸಲವೂ ಹೆಚ್ಚುಕಡಿಮೆ ಅಷ್ಟೇ ಬರಬೇಕು, ಅಲ್ವಾ? ಪರೀಕ್ಷೆಯಲ್ಲಿ ಅದಕ್ಕೆ ವಿಶ್ವಸನೀಯತೆ ಅನ್ನುತ್ತಾರೆ. ಆದರೆ ಸೇರಿನ ತಳ ನೆಗ್ಗಿದ್ದರೆ? ಆಗಲೂ ಮೂರು ಸಲ ಒಂದೇ ಅಳತೆ ಬರುತ್ತದೆ. ಮೂರು ಸಲವೂ ತಪ್ಪೇ ಬರುತ್ತದೆ. ಅಳೆಯಬೇಕಾದ್ದನ್ನೇ ಅಳೆಯುತ್ತಿದೆಯಾ ಅನ್ನುವುದು ಬೇರೆ ಪ್ರಶ್ನೆ. ಅದಕ್ಕೆ ಸಪ್ರಮಾಣತೆ ಅಂತ ಹೆಸರು. ಮಲ್ಲುವಿನ ಬುದ್ಧಿ ಅಳೆಯಲು ಹೋಗಿ ಅವನ ಇಂಗ್ಲಿಷ್ ಅಳೆದಿದ್ದರು. ಅದೇ ಪ್ರಶ್ನೆಗಳನ್ನು ಹತ್ತು ಸಲ ಕೇಳಿದ್ದರೂ ಕಡಿಮೆಯೇ ಬರುತ್ತಿತ್ತು.

ತಂದೆ ತಕ್ಷಣ ಅಂದರು, "ಹಂಗಾರ ಸೇರು ಖೊಟ್ಟಿ ಐತ್ರಿ."

ಸೇರು ಖೊಟ್ಟಿ ಅಲ್ಲ. ಇಂಗ್ಲಿಷ್‌ನಲ್ಲೇ ಬೆಳೆದ ಮಗುವಿಗೆ ಅದೇ ಪರೀಕ್ಷೆ ಸರಿಯಾಗಿ ಹೊಂದುತ್ತದೆ. ಇವನಿಗೆ ಹೊಂದುವುದಿಲ್ಲ, ಅಷ್ಟೇ.

ಆಮೇಲೆ ಅಂಕದ ಅಲುಗಾಟ. ಯಾವ ಪರೀಕ್ಷೆಯೂ ಕೂದಲೆಳೆಯಷ್ಟು ನಿಖರ ಅಲ್ಲ. ಇಂಥ ಪರೀಕ್ಷೆಗಳಲ್ಲಿ ಸರಾಸರಿ 100, ಮಕ್ಕಳ ಅಂಕಗಳು ಸರಾಸರಿಯಿಂದ ಎಷ್ಟು ಚದುರುತ್ತವೆ ಅನ್ನುವ ಅಳತೆ (ಸ್ಟ್ಯಾಂಡರ್ಡ್ ಡೀವಿಯೇಶನ್) 15. ವಿಶ್ವಸನೀಯತೆ 1ಕ್ಕೆ 0.91 ಇದೆ ಅಂತ ಇಟ್ಟುಕೊಳ್ಳಿ. ಅದು ಒಳ್ಳೆಯದೇ. ಆಗಲೂ ಅಳತೆಯ ದೋಷ 4.5 ಅಂಕ ಇರುತ್ತದೆ. ನೂರಕ್ಕೆ ತೊಂಬತ್ತೈದು ಪಾಲು ಭರವಸೆಯಿಂದ ಹೇಳಬೇಕಾದರೆ ಆಚೆ ಈಚೆ 9 ಅಂಕ ಬಿಡಬೇಕು. ಅಂದರೆ 78 ಅನ್ನುವುದು 69ರಿಂದ 87ರವರೆಗಿನ ಒಂದು ಪಟ್ಟಿ. ಆ ಪಟ್ಟಿಯ ಒಂದು ತುದಿ, ಬೌದ್ಧಿಕ ಅಂಗವೈಕಲ್ಯ ಇದೆಯಾ ಅಂತ ನೋಡುವಾಗ ಹಾಕುವ 70ರ ಗೆರೆಯ ಕೆಳಗಿದೆ. ಇನ್ನೊಂದು ತುದಿಯಲ್ಲಿ ಸಾಮಾನ್ಯ ತರಗತಿಯಲ್ಲಿ ಓದುವ ಎಷ್ಟೋ ಮಕ್ಕಳಿದ್ದಾರೆ. ಪರೀಕ್ಷೆಯ ಹಿಂದಿನ ರಾತ್ರಿ ಮಲ್ಲುವಿಗೆ ಜ್ವರ ಬಂದಿತ್ತು ಅಂತ ತಾಯಿ ಹೇಳಿದರು. ಅಂಥ ದೋಷ ಈ ಲೆಕ್ಕದಲ್ಲಿ ಪೂರ್ತಿ ಸೇರುವುದೂ ಇಲ್ಲ.

ಭಾಷೆಯ ವಿಷಯದಲ್ಲಿ ನನಗೆ ಯಾವಾಗಲೂ ವಿ. ವಿ. ಕಾಮತರ ನೆನಪಾಗುತ್ತದೆ. 1905ರಲ್ಲಿ ಫ್ರಾನ್ಸ್‌ನಲ್ಲಿ ಹುಟ್ಟಿದ ಬಿನೆ ಬುದ್ಧಿಪರೀಕ್ಷೆಯನ್ನು ಅವರು ಸುಮ್ನೆ ತರ್ಜುಮೆ ಮಾಡಲಿಲ್ಲ. ಕನ್ನಡ ಮತ್ತು ಮರಾಠಿ ಮಕ್ಕಳಿಗೇ ಕೊಟ್ಟು ನೋಡಿ, ತಿದ್ದಿ, 1934ರಲ್ಲಿ ಅದರ ಬಗ್ಗೆ ಬರೆದರು. ಅಷ್ಟು ಹಿಂದೆಯೇ ಇದು ಗೊತ್ತಿತ್ತು. ಬರೀ ತರ್ಜುಮೆ ಸಾಲದು ಅನ್ನುವುದಕ್ಕೆ ಇನ್ನೊಂದು ಉದಾಹರಣೆ ಕೊಡುತ್ತೇನೆ. 1965ರ ಜುಂಗ್ ಖಿನ್ನತೆ ಮಾಪನದ ಮೊದಲ ಹೇಳಿಕೆಯಲ್ಲೇ ಬೇಸರ ಅನ್ನುವ ಅರ್ಥದಲ್ಲಿ ಇಂಗ್ಲಿಷ್‌ನ 'ಬ್ಲೂ' ಇದೆ. ಅದನ್ನು ನೀಲಿ ಅಂದರೆ ನಮ್ಮಲ್ಲಿ ಯಾರಿಗೆ ಏನು ತಿಳಿಯುತ್ತದೆ? ನಮ್ಮ ಜನ ಎದೆ ಭಾರ ಅನ್ನುತ್ತಾರೆ, ಹೊಟ್ಟೆಯಲ್ಲಿ ಸಂಕಟ ಅನ್ನುತ್ತಾರೆ.

ಇನ್ನು ನಾನು ಕೊಟ್ಟ ಸಲಹೆ. ಮೊದಲು ಕಣ್ಣು, ಕಿವಿ ತೋರಿಸಿ ಅಂದೆ. ಎರಡೂ ಚೆನ್ನಾಗಿವೆ ಅಂತ ಬಂತು. ಅದೇ ಪರೀಕ್ಷೆಯನ್ನು ಬೇಗ ಇನ್ನೊಮ್ಮೆ ಮಾಡಿಸಬೇಡಿ, ಅಭ್ಯಾಸದಿಂದಲೇ ಅಂಕ ಏರುತ್ತದೆ ಅಂದೆ. ಕನ್ನಡ ಬಲ್ಲ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಬೇರೆ ಪರೀಕ್ಷೆ ಮಾಡಿಸಿ, ಜೊತೆಗೆ ದಿನದ ಬದುಕಿನ ಕೌಶಲವನ್ನೂ ನೋಡಲಿ ಅಂದೆ. ಬೌದ್ಧಿಕ ಅಂಗವೈಕಲ್ಯವನ್ನು ಐಕ್ಯೂ ಒಂದರಿಂದಲೇ ತೀರ್ಮಾನ ಮಾಡುವಂತಿಲ್ಲ. ಮನೆಯಲ್ಲಿ ಹೇಗಿರುತ್ತಾನೆ ಅಂತ ಕೇಳಿದಾಗ ತಾಯಿಯ ಮುಖ ಮೊದಲ ಸಲ ಅರಳಿತು. "ಅಂಗಡಿಗೆ ಕಳಿಸಿದ್ರ ಚಿಲ್ಲರೆ ಎಣಿಸಿ ತರ್ತಾನ್ರಿ. ತಂಗೀನ ಅಂಗನವಾಡಿಗೆ ಬಿಟ್ಟು ಬರ್ತಾನ." ಈ ಮಾತು ಯಾವ ವರದಿಯಲ್ಲೂ ಇರಲಿಲ್ಲ.

ಬೆರಳಚ್ಚು ನೋಡಿ ಬುದ್ಧಿ ಹೇಳುತ್ತಾರಂತೆ, ಅಲ್ಲಿ ತೋರಿಸಲಾ ಅಂತ ತಂದೆ ಕೇಳಿದರು. ಬೇಡ ಅಂದೆ. ಬೆರಳಿನ ಗೆರೆ ಬುದ್ಧಿಯನ್ನು ಅಳೆಯುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ.

ಶಾಲೆಗೂ ಒಂದು ಪತ್ರ ಬರೆದೆ. ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಹೊರಹಾಕುವಂತಿಲ್ಲ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಅದನ್ನು ಜಗಳದ ದನಿಯಲ್ಲಿ ಬರೆಯಲಿಲ್ಲ.

ಎರಡು ತಿಂಗಳ ಮೇಲೆ ಹೊಸ ವರದಿ ಹಿಡಿದು ತಾಯಿ ಬಂದರು. ಕಣ್ಣು ತುಂಬಿತ್ತು. "ಮೊದಲ 78 ಇತ್ರಿ. ಈಗ 40ಕ್ಕ ಇಳದೈತ್ರಿ ಮೇಡಂ."

ಇಳಿದಿರಲಿಲ್ಲ. ಈ ಸಲ ಮಾಡಿದ್ದು ಮಾತಿಲ್ಲದ, ಬಣ್ಣದ ವಿನ್ಯಾಸಗಳಲ್ಲಿ ತುಂಡು ಹೊಂದಿಸುವ ರೇವನ್ ಪರೀಕ್ಷೆ. ಅದರ ಫಲ ಐಕ್ಯೂ ಅಂಕದಲ್ಲಿ ಅಲ್ಲ, ಶತಾಂಶದಲ್ಲಿ (ಪರ್ಸೆಂಟೈಲ್) ಬಂದಿತ್ತು. 40 ಅಂದರೆ ಅದೇ ವಯಸ್ಸಿನ ನೂರು ಮಕ್ಕಳಲ್ಲಿ ಸುಮಾರು ನಲವತ್ತು ಮಕ್ಕಳು ಇವನ ಸಮಕ್ಕೆ ಅಥವಾ ಕೆಳಗೆ. ಹಳೆಯ 78ನ್ನು ಇದೇ ಲೆಕ್ಕಕ್ಕೆ ತಂದರೆ ಸುಮಾರು 7 ಆಗುತ್ತದೆ. ಕಾಗದದ ಮೇಲೆ ನೂರು ಚುಕ್ಕಿ ಹಾಕಿ ತೋರಿಸಿದೆ. ಅವರು ಚುಕ್ಕಿಗಳನ್ನು ಬೆರಳಿಟ್ಟು ಎಣಿಸಿದರು. ಏಳರ ಹತ್ತಿರ ನಿಂತರು, ನಲವತ್ತರ ಹತ್ತಿರ ನಿಂತರು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಇಷ್ಟಕ್ಕೇ ಬಿಟ್ಟಿದ್ದರೆ ನಾನು ಅರ್ಧ ಕೆಲಸ ಮಾಡಿದಂತೆ ಆಗುತ್ತಿತ್ತು. 78ಕ್ಕೆ ಕೇಳಿದ ಪ್ರಶ್ನೆಗಳನ್ನು 40ಕ್ಕೂ ಕೇಳಬೇಕು. ಈ ಪರೀಕ್ಷೆಯೂ ಬುದ್ಧಿಯ ಒಂದು ಬಗೆಯನ್ನಷ್ಟೇ ನೋಡುತ್ತದೆ, ಇದರಲ್ಲೂ ದೋಷ ಇರುತ್ತದೆ ಅಂತ ಹೇಳಿದೆ. ಮಲ್ಲು ಕನ್ನಡದಲ್ಲೂ ಒತ್ತಕ್ಷರ ಬಂದ ಕಡೆ ತಡವರಿಸುತ್ತಾನೆ. ಕಲಿಕಾ ನ್ಯೂನತೆ, ಅಂದರೆ ಬುದ್ಧಿ ಸರಿ ಇದ್ದೂ ಓದು ಬರಹ ಕಷ್ಟವಾಗುವುದು, ಇರಬಹುದು. ಶಾಲೆ, ಭಾಷೆ ಎರಡೂ ಒಟ್ಟಿಗೆ ಬದಲಾದದ್ದರ ಪೆಟ್ಟೂ ಇರಬಹುದು. ಒಳ್ಳೆಯ ಪಾಠ ಸಿಗದೆ ಇವೆರಡನ್ನು ಬೇರ್ಪಡಿಸಲು ಆಗುವುದಿಲ್ಲ. ಅದಕ್ಕೇ ಆರು ತಿಂಗಳು ದಿನಕ್ಕೆ ಅರ್ಧ ಗಂಟೆ ಓದಿನ ವಿಶೇಷ ಪಾಠ ಆಗಲಿ, ಆಮೇಲೆ ಕಲಿಕಾ ನ್ಯೂನತೆಯ ಪರೀಕ್ಷೆ ಮಾಡಿಸೋಣ ಅಂತ ತೀರ್ಮಾನ ಆಯಿತು. ಶಾಲೆಯ ಒಬ್ಬ ಟೀಚರ್ ತಾವೇ ಕಲಿಸುತ್ತೇನೆ ಅಂತ ಮುಂದೆ ಬಂದಿದ್ದಾರೆ.

ಈಗ ಮೂರನೇ ತಿಂಗಳು. ಹೋದ ವಾರ ಬಂದಾಗ ಮಲ್ಲು ನನ್ನ ಬಾಗಿಲಿನ ಬೋರ್ಡನ್ನು ಅಕ್ಷರ ಅಕ್ಷರವಾಗಿ ಓದಿದ. 'ಆಪ್ತಸಲಹೆ'ಯ ಪ-ತ ಒತ್ತಿನ ಹತ್ತಿರ ನಿಂತ. ಮತ್ತೆ ಮೊದಲಿಂದ ಶುರು ಮಾಡಿದ.