ಹೊಲದಿಂದ ದಿನಕ್ಕೆ ಎಷ್ಟು ನೀರು ಆವಿಯಾಗುತ್ತದೆ?

ಪ್ರಶ್ನೆ: ನಮ್ಮಲ್ಲಿರುವುದು ಗರಿಷ್ಠ–ಕನಿಷ್ಠ ಥರ್ಮಾಮೀಟರ್ ಒಂದೇ. ಗಾಳಿ, ತೇವಾಂಶ, ಬಿಸಿಲು ಅಳೆಯುವ ಸಾಧನವಿಲ್ಲ. ಟೊಮೆಟೊಗೆ ಡ್ರಿಪ್‌ನಲ್ಲಿ ಎಷ್ಟು ನೀರು ಬಿಡಬೇಕೆಂದು ಲೆಕ್ಕ ಹಾಕಬಹುದೇ?
— ಓದುಗರು, ಹಿರಿಯೂರು

ಉತ್ತರ: ಹಾಕಬಹುದು. ಎಲ್ಲ ಅಳತೆಗಳೂ ಸಿಗುವಲ್ಲಿ ಪೆನ್‌ಮನ್–ಮಾಂಟೀತ್ ವಿಧಾನವೇ ಉತ್ತಮ. ನಿಮಗೆ 1985ರ ಹಾರ್ಗ್ರೀವ್ಸ್–ಸಮಾನಿ ಸೂತ್ರ ಸಾಕು: ಸರಾಸರಿ ಉಷ್ಣಾಂಶಕ್ಕೆ 17.8 ಕೂಡಿಸಿ, ಗರಿಷ್ಠ–ಕನಿಷ್ಠಗಳ ಅಂತರದ ವರ್ಗಮೂಲದಿಂದ ಗುಣಿಸಿ, ಮತ್ತೆ 0.0023ರಿಂದಲೂ ವಾತಾವರಣದ ಮೇಲ್ತುದಿಗೆ ಬೀಳುವ ಬಿಸಿಲಿನಿಂದಲೂ ಗುಣಿಸಿ. ಈ ಬಿಸಿಲನ್ನು ಮಿ.ಮೀ. ನೀರಿನ ಲೆಕ್ಕದಲ್ಲಿ, ಅಂದರೆ ಅದು ದಿನಕ್ಕೆ ಎಷ್ಟು ಮಿ.ಮೀ. ನೀರನ್ನು ಆವಿಯಾಗಿಸಬಲ್ಲದು ಎಂದು ಹಿಡಿಯಬೇಕು. ನಿಮ್ಮ 14 ಡಿಗ್ರಿ ಅಕ್ಷಾಂಶದಲ್ಲಿ ಅದು ಜನವರಿಯಲ್ಲಿ 12.2, ಏಪ್ರಿಲ್‌ನಲ್ಲಿ 15.5.

ಏಪ್ರಿಲ್‌ನಲ್ಲಿ ಗರಿಷ್ಠ 36, ಕನಿಷ್ಠ 23 ಎನ್ನಿ. ಸರಾಸರಿ 29.5, ಅಂತರ 13, ಅದರ ವರ್ಗಮೂಲ 3.6. ಬರುವ ಉತ್ತರ ಸುಮಾರು 6.1 ಮಿ.ಮೀ. ಇದು ನೀರಿಗೆ ಕೊರತೆಯಿಲ್ಲದ ಹುಲ್ಲುಹಾಸಿನ ಲೆಕ್ಕ. ಕಾಯಿ ಹಿಡಿದು ನೆಲ ಮುಚ್ಚಿದ ಟೊಮೆಟೊಗೆ 1.15ರಿಂದ ಗುಣಿಸಿದರೆ 7 ಮಿ.ಮೀ., ಅಂದರೆ ಎಕರೆಗೆ ಸುಮಾರು 28,000 ಲೀಟರ್. ನಾಟಿ ಮಾಡಿದ ಹೊಸತರಲ್ಲಿ 1.15ರ ಬದಲು 0.6 ಹಿಡಿಯಿರಿ.

ಜುಲೈನಲ್ಲೂ ಆ ಬಿಸಿಲಿನ ಅಂಕಿ 15.5ರ ಆಸುಪಾಸೇ. ಮೋಡದ ಲೆಕ್ಕ ಎಲ್ಲಿ ಹೋಯಿತು? ಅದು ಉಷ್ಣಾಂಶದ ಅಂತರದಲ್ಲೇ ಅಡಗಿದೆ: ಮೋಡ ಕವಿದರೆ ಹಗಲು ಕಾಯುವುದಿಲ್ಲ, ರಾತ್ರಿ ತಣಿಯುವುದಿಲ್ಲ, ಅಂತರ ತಗ್ಗುತ್ತದೆ. ಆದರೆ ಗಾಳಿ ಈ ಸೂತ್ರಕ್ಕೆ ಕಾಣುವುದಿಲ್ಲ. ಚಿತ್ರದುರ್ಗದ ಕಡೆ ಮುಂಗಾರಿನ ಗಾಳಿ ಜೋರಾಗಿ ಬೀಸುವಾಗ ಉತ್ತರ ಕಡಿಮೆ ಬರುತ್ತದೆ. ಮಣ್ಣನ್ನು ಕೈಯಲ್ಲಿ ಹಿಡಿದು ನೋಡಿಯೇ ನೀರು ಹೆಚ್ಚಿಸಿ. ಒಂದೊಂದು ದಿನದ ಅಂಕಿಯನ್ನು ನಂಬದೆ, ವಾರ–ಹತ್ತು ದಿನದ ಸರಾಸರಿ ತೆಗೆಯಿರಿ.

ಹೆಚ್ಚಿನವರು ಎಡವುವುದು ಥರ್ಮಾಮೀಟರ್ ತೂಗುಹಾಕುವ ಜಾಗದಲ್ಲಿ. ತಗಡಿನ ಚಾವಣಿಯ ಕೆಳಗೆ, ಬಿಸಿಲು ಬಡಿಯುವ ಗೋಡೆಗೆ ಬೇಡ. ಗರಿಷ್ಠ ಮೂರು ಡಿಗ್ರಿ ಹೆಚ್ಚು ತೋರಿದರೆ 6.1 ಇದ್ದದ್ದು 7 ಆಗಿಬಿಡುತ್ತದೆ. ಎಕರೆಗೆ ದಿನವೂ ಮೂರೂವರೆ ಸಾವಿರ ಲೀಟರಿಗೂ ಹೆಚ್ಚು ಬೋರ್‌ವೆಲ್ ನೀರು ವ್ಯರ್ಥ. ಬಿಳಿ ಬಣ್ಣ ಬಳಿದ, ನಾಲ್ಕೂ ಕಡೆ ಗಾಳಿಯಾಡುವ ಮರದ ಪೆಟ್ಟಿಗೆಯಲ್ಲಿ, ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿಡಿ.

ಪ್ರಶ್ನೆ: ಮಳೆಯಿಲ್ಲದೆ ಬೀಳು ಬಿದ್ದ ಹೊಲವೂ ದಿನಕ್ಕೆ 6 ಮಿ.ಮೀ. ಕಳೆದುಕೊಳ್ಳುತ್ತದೆಯೇ?

ಉತ್ತರ: ಇಲ್ಲ. 6 ಮಿ.ಮೀ. ಎಂಬುದು ಹವೆಯ ಬೇಡಿಕೆ. ಮಣ್ಣಿನಲ್ಲಿ ನೀರಿದ್ದರೆ ತಾನೇ ಆವಿಯಾಗುವುದು? ಮಳೆಯಾದ ಒಂದೆರಡು ದಿನ ಬರಿ ನೆಲ ಆ ವೇಗಕ್ಕೆ ಹತ್ತಿರವಿರುತ್ತದೆ. ಮೇಲ್ಪದರ ಒಣಗಿತೆಂದರೆ ಕೆಳಗಿನ ತೇವ ಮೇಲೇರುವುದು ನಿಧಾನವಾಗಿ, ನಷ್ಟ ತೀರಾ ಇಳಿಯುತ್ತದೆ. ಮಳೆಯ ಬೆನ್ನಿಗೇ ಹದ ನೋಡಿ ಕುಂಟೆ ಹೊಡೆದು ಮೇಲ್ಪದರವನ್ನು ಸಡಿಲಿಸಿ ಒಣಗಿಸುವುದರ ಲಾಭವೂ ಇದೇ.